ಕೈಯಿಡದ ಹೆರಿಗೆ

ಹೆರಿಗೆ ನೋವನ್ನು ಆಣೆ ಲೆಕ್ಕದಲ್ಲಿ ತೂಗುವ ಕಾಲ ಬಂದಿತ್ತು. ಹೆತ್ತವಳ ನೋವು ಹದಿನಾರಾಣೆ. ಹೆರಿಗೆ ಮಾಡಿಸುವುದನ್ನು ಕಾಲೇಜಿನಲ್ಲಿ ಕಲಿಯುವವರಿಗೆ ಕೊಡುತ್ತಿದ್ದದ್ದು ಎರಡಾಣೆ. ಅಷ್ಟಕ್ಕೇ ಹುಡುಗಿಯರು ಮಂಚದ ಕಂಬಿ ಕಚ್ಚಿ ಹಿಡಿದು ಅವ್ವನನ್ನು ಕರೆಯುತ್ತಿದ್ದರು. ಉಳಿದ ಹದಿನಾಲ್ಕಾಣೆಯನ್ನು ಹೊತ್ತವಳು ಯಾರು, ಈಗೆಲ್ಲಿದ್ದಾಳೆ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಆ ಯಂತ್ರಕ್ಕೆ ಕಂಡುಹಿಡಿದವರು ಇಟ್ಟ ಹೆಸರು ಮಾರುದ್ದ ಇತ್ತು. ಕೃಷ್ಣೆಯ ದಂಡೆಯ ಆ ಜಿಲ್ಲಾ ಊರಿನಲ್ಲಿ ಎಲ್ಲರೂ ಅದನ್ನು ಬೇನೆಯಂಗಿ ಎಂದೇ ಕರೆದರು. ಜೇಡರ ಬಲೆಯಷ್ಟು ತೆಳುವಾದ ಜಾಲರಿ ಬಟ್ಟೆ. ಕುತ್ತಿಗೆಯಿಂದ ಮೊಣಕಾಲಿನವರೆಗೆ, ತೋಳಿನುದ್ದಕ್ಕೂ ಬೆರಳ ತುದಿಯವರೆಗೆ ಮೈಗೆ ಅಂಟಿಕೊಳ್ಳುತ್ತಿತ್ತು. ಬೇನೆ ತಿನ್ನುವ ಹೆಂಗಸಿಗೆ ಅದನ್ನು ತೊಡಿಸಿದರೆ ಅವಳಿಗೆ ಆದದ್ದೆಲ್ಲ ಎಳೆಎಳೆಯಲ್ಲಿ ಕೂತುಬಿಡುತ್ತಿತ್ತು: ಒಳಗಿನ ಹಿಂಡಿಕೆ, ಹೊರಗಿನಿಂದ ತಾಗಿದ ಕೈ, ಸುತ್ತಲಿನ ಸದ್ದು. ಆಮೇಲೆ ಬೇರೊಬ್ಬಳು ಅದೇ ಅಂಗಿ ತೊಟ್ಟು ಮಲಗಿದರೆ ಆ ಹೆರಿಗೆ ಇವಳ ಮೈಮೇಲೆ ಮೊದಲಿನಿಂದ ಕೊನೆಯವರೆಗೆ ಮತ್ತೆ ನಡೆಯುತ್ತಿತ್ತು, ಅದರ ಸದ್ದು ಸುತ್ತ ನಿಂತವರಿಗೂ ಕೇಳುತ್ತಿತ್ತು. ನೆನಪು ಬಟ್ಟೆಯಲ್ಲೇ ಇದ್ದುದರಿಂದ ಒಂದು ಹೆರಿಗೆಗೆ ಒಂದೇ ಅಂಗಿ. ತೊಟ್ಟವಳು ತೊಡುತ್ತಿದ್ದದ್ದು ಆ ಹೆತ್ತವಳು ತೊಟ್ಟು ಬೆವರಿದ್ದ ಬಟ್ಟೆಯನ್ನೇ.

ನೋವನ್ನು ಇಳಿಸಬಹುದಿತ್ತು, ತಾಗಿದ ಕೈಯನ್ನು ಇಳಿಸಲು ಬರುತ್ತಿರಲಿಲ್ಲ. ತೊಡಕಾದದ್ದು ಅಲ್ಲೇ. ಏಕೆಂದರೆ ಮೊದಮೊದಲು ತುಂಬಿಸಿ ತಂದ ಅಂಗಿಗಳಲ್ಲೆಲ್ಲ ಹೊಡೆತ ಇತ್ತು. ಬಡವರ ಹೆಂಗಸರು ಹೆರುವ ಕೋಣೆಯಲ್ಲಿ ತೊಡೆಗೆ ಬೀಳುವ ಏಟಿನ ಬಗ್ಗೆ ಈ ನಾಡಿನಲ್ಲಿ ಗೊತ್ತಿಲ್ಲ ಎನ್ನುವವರು ಎರಡೇ ಜಾತಿ: ಅಲ್ಲಿಗೆ ಎಂದೂ ಹೋಗದ ಉಳ್ಳವರು, ಹೋಗಿ ನೋಡಿಯೂ ಬರೆಯದ ಓದಿದವರು. ಗಂಡನ ಮಗ್ಗುಲಿಗೆ ಹೋಗುವಾಗ ಬಾರದ ಅಳು ಈಗ ಯಾಕೆ ಬಂತು ಎನ್ನುವ ಆ ಹಳೆಯ ಮಾತೂ ಅಂಗಿಗಳಲ್ಲಿ ಹಾಗೇ ಇತ್ತು, ಬೇರೆಬೇರೆ ದನಿಗಳಲ್ಲಿ, ಮಂತ್ರದಂತೆ.

ಎಂಎಸ್ಸಿ ಮಿಡ್‌ವೈಫರಿ ಕಾಲೇಜಿನವರು ಹೊಡೆತವನ್ನು ಅಳಿಸಿ ನೋಡಿದರು. ಅಂಗಿಗಳನ್ನು ನೋಡಿಕೊಳ್ಳುತ್ತಿದ್ದ ಮೌಲಾಲಿ ಕಣ್ಣು ಕೆಂಪಾಗುವವರೆಗೆ ಕೂತು ಒಂದೊಂದೇ ಏಟನ್ನು ಒರೆಸಿದ. ಏಟು ಹೋಯಿತು, ಬೆಚ್ಚುವುದು ಹೋಗಲಿಲ್ಲ. ಏಟು ಬಿದ್ದದ್ದು ಹೊರಗಿನಿಂದ, ಬೆಚ್ಚಿದ್ದು ಅವಳ ಸ್ವಂತ ಮೈ. ಅಂಗಿ ಎರಡನ್ನೂ ಬೇರೆಬೇರೆ ಎಳೆಯಲ್ಲಿ ಹಿಡಿದಿತ್ತು. ಹಾಗಾಗಿ ತೊಟ್ಟು ಮಲಗಿದ ಹುಡುಗಿಯರ ತೊಡೆ ಯಾರೂ ಹೊಡೆಯದೆ ಅದುರುತ್ತಿತ್ತು. ನೋಡುವವರಿಗೆ ಅದು ಹೊಡೆತಕ್ಕಿಂತ ಕೆಟ್ಟದಾಗಿ ಕಾಣಿಸಿತು.

ಆಮೇಲೆ ಸಿಕ್ಕಿದ್ದು ಏಳನೇ ಅಂಗಿ. ಅದರಲ್ಲಿ ಹೊಡೆತ ಇರಲಿಲ್ಲ, ಬೈಗುಳ ಇರಲಿಲ್ಲ. ಹೊಟ್ಟೆಯ ಮೇಲೆ ಮೊಣಕೈ ಊರಿ ಒತ್ತಿದ್ದು ಇರಲಿಲ್ಲ, ಹೊತ್ತಿಗೊಮ್ಮೆ ಒಬ್ಬೊಬ್ಬರು ಬಂದು ಒಳಗೆ ಕೈ ಹಾಕಿ ನೋಡಿದ್ದೂ ಇರಲಿಲ್ಲ. ಹೆಂಗಸು ತನ್ನ ಪಾಡಿಗೆ ತಾನು ಬೇನೆ ತಿಂದು ತಾನೇ ಹೆತ್ತಿದ್ದಳು. ಕಾಲೇಜಿನ ಮುಖ್ಯಸ್ಥೆ ಪ್ರೊಫೆಸರ್ ವನಮಾಲಾ ದೇಸಾಯಿ ಅದನ್ನು ಕೈಯಿಡದ ಹೆರಿಗೆ ಎಂದು ಕರೆದರು. ಗೌರವದ ಹೆರಿಗೆ ಅಂದರೆ ಇದು, ಹೆಣ್ಣಿನ ಮೈಯನ್ನು ನಂಬುವುದು ಅಂದರೆ ಇದು ಎಂದು ದೊಡ್ಡ ಸಭೆಗಳಲ್ಲಿ ಹೇಳಿದರು. ಅಂದಿನಿಂದ ಆ ಕಾಲೇಜಿನಲ್ಲಿ ಏಳನೇ ಅಂಗಿ ತೊಡದೆ ಯಾರಿಗೂ ಪದವಿ ಇಲ್ಲ.

ಒಂದು ನಿಯಮವಿತ್ತು. ಅಂಗಿಯಲ್ಲಿ ಹೆರಿಗೆ ನಡೆಯುತ್ತಿರುವಾಗ ಹೊರಗಿನವರು ಮುಟ್ಟಿದರೆ ಆ ಸ್ಪರ್ಶವನ್ನೂ ಅದು ಬರೆದುಕೊಳ್ಳುತ್ತಿತ್ತು. ಆದ್ದರಿಂದ ಸುತ್ತ ನಿಂತವರೆಲ್ಲ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು. ಮುಟ್ಟಿದವರು ಆ ವರ್ಷ ನಪಾಸು.

ಕಸ್ತೂರಿ ತಾಲೂಕು ಆಸ್ಪತ್ರೆಯಲ್ಲಿ ಬಹಳ ಕಾಲ ಸ್ಟಾಫ್ ನರ್ಸ್ ಆಗಿದ್ದು, ಇಲಾಖೆಯ ಸೀಟಿನಲ್ಲಿ ಎಂಎಸ್ಸಿಗೆ ಬಂದವಳು. ಅವಳ ಓಣಿಯಿಂದ ಅಷ್ಟು ಓದಿದ ಮೊದಲ ಹೆಂಗಸು. ಪದವಿ ಸಿಕ್ಕರೆ ತನ್ನ ತಾಲೂಕಿನ ಹೆರಿಗೆ ಮನೆಯ ಪೂರ್ತಿ ಜವಾಬ್ದಾರಿ ಅವಳದೇ ಆಗುವುದಿತ್ತು. ಅಲ್ಲಿ ಏಟು ಬೀಳದಂತೆ ನೋಡಿಕೊಳ್ಳುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಳು.

ಅವಳ ಸರದಿ ಬಂದ ದಿನ ಜೊತೆಯ ಹುಡುಗಿ ತಬಸ್ಸುಮ್ ಅಂಗಿಯ ತೋಳು ಸರಿಮಾಡುತ್ತ, ಎರಡು ಹಡೆದಾಕಿಗೆ ಇದೇನು ಹೊಸಾದೇನಕ್ಕ ಎಂದು ಚೇಷ್ಟೆ ಮಾಡಿದಳು. ಹಡೆದದ್ದು ಒಂದೇ, ಎರಡನೇ ಬ್ಯಾನಿ ನಿನ್ನಂಥಾಕಿಗೆ ಪಾಠ ಹೇಳಿಕೊಟ್ಟದ್ದು ಎಂದು ಕಸ್ತೂರಿ ನಕ್ಕಳು. ಅದು ಆ ಕೋಣೆಯಲ್ಲಿ ಅವಳು ನಕ್ಕ ಕೊನೆಯ ನಗೆ.

ಗಾಜಿನಾಚೆಯಿಂದ ಮೌಲಾಲಿ ಅಂಗಿಯನ್ನು ಎಬ್ಬಿಸಿದ. ಮೊದಲು ಬೆನ್ನ ಕೆಳಗೆ ಪ್ಲಾಸ್ಟಿಕ್ ಹಾಳೆಯ ತಣ್ಣನೆ ಬಂತು. ಬಟ್ಟೆ ಹಾಸಿರಲಿಲ್ಲ. ಮೇಲೆ ತಿರುಗುವ ಫ್ಯಾನಿನ ಕಿರುಗುಟ್ಟುವಿಕೆ. ಆಮೇಲೆ ನೋವು, ಅಲೆಯ ಮೇಲೆ ಅಲೆ, ಎರಡಾಣೆಯದು. ಅದು ಕಸ್ತೂರಿಗೆ ಗೊತ್ತಿದ್ದ ನೋವೇ. ಗೊತ್ತಿರದಿದ್ದದ್ದು ಬೇರೆ. ಮಾತುಗಳೆಲ್ಲ ದೂರದಿಂದ ಬರುತ್ತಿದ್ದವು. ಹೆಸರುಗಳನ್ನು ಮೌಲಾಲಿ ಒರೆಸಿದ್ದರೂ ದನಿ ಬರುವ ದಿಕ್ಕನ್ನು ಒರೆಸಲಾಗಿರಲಿಲ್ಲ. ಎಲ್ಲರೂ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದರು. ಒಬ್ಬರೂ ಒಳಗೆ ಬರಲಿಲ್ಲ.

ನಂತರ ಯಾವ ದನಿಯೂ ಯಾವ ಕೈಯೂ ಇಲ್ಲದ ಒಂದು ಖಾಲಿ ಜಾಗ ಬಂತು. ಅಲೆ ಏರುತ್ತಿದ್ದಾಗ ಅವಳ ಬಲಗೈ ತಾನಾಗಿಯೇ ಕಂಬಿ ಬಿಟ್ಟು ಗಾಳಿಗೆ ಚಾಚಿತು. ಕಸ್ತೂರಿ ಚಾಚಲಿಲ್ಲ, ಅಂಗಿ ಚಾಚಿಸಿತು. ಬೆರಳುಗಳು ಅಗಲವಾಗಿ ತೆರೆದು ಮುಚ್ಚಿ, ಮತ್ತೆ ತೆರೆದು, ಯಾರದಾದರೂ ಸೆರಗು, ಯಾರದಾದರೂ ಮಣಿಕಟ್ಟು, ಕುರ್ಚಿಯ ಹಿಂಬದಿಯಾದರೂ ಸಿಗಲಿ ಎಂದು ಹುಡುಕಿದವು. ಏನೂ ಸಿಗಲಿಲ್ಲ. ಕೈ ಬಿತ್ತು. ಮತ್ತೊಂದು ಅಲೆ, ಮತ್ತೆ ಕೈ ಎದ್ದಿತು. ಕಸ್ತೂರಿ ಕಣ್ಣು ತೆರೆದು ನೋಡಿದಳು. ಸುತ್ತ ಗೆಳತಿಯರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ತಬಸ್ಸುಮಳ ಕಣ್ಣಲ್ಲಿ ನೀರಿತ್ತು, ಕೈ ಮಾತ್ರ ಹಿಂದೆಯೇ ಇತ್ತು.

ಕೊನೆಗೆ ಕೂಸು ಹೊರಬೀಳುವ ಹೊತ್ತಿಗೆ ಒಂದೇ ಒಂದು ಸಲ ಯಾರದೋ ಕೈ ಬಂತು. ಅದು ಕೈಯಂತಿರಲಿಲ್ಲ. ಒಂದರ ಮೇಲೊಂದು ಎರಡು ಗ್ಲೌಸ್ ಹಾಕಿದ, ಬಿಸಿಯೇ ಇಲ್ಲದ, ತೋಳನ್ನು ಪೂರ್ತಿ ಚಾಚಿ ದೂರದಿಂದ ನೀಡಿದ ಏನೋ ಒಂದು. ಹೊಕ್ಕುಳ ಬಳ್ಳಿ ಕತ್ತರಿಸಿ ಅದು ಹೊರಟುಹೋಯಿತು. ಕೂಸು ಅತ್ತಿತು, ಅಳು ದೂರವಾಯಿತು. ಯಾರೂ ಒರೆಸಲಿಲ್ಲ, ಹೊದಿಸಲಿಲ್ಲ. ಕತ್ತರಿಯಿಂದ ಅಂಗಿಯ ಹೊಲಿಗೆ ಕತ್ತರಿಸಿ ತೆಗೆಯುವ ಸದ್ದಿನೊಂದಿಗೆ ಹೆರಿಗೆ ಮುಗಿಯಿತು. ಆಮೇಲೆ ಅವಳಿಗೇನಾಯಿತು, ಉಳಿದಳೋ ಇಲ್ಲವೋ, ಅಂಗಿಗೂ ಗೊತ್ತಿರಲಿಲ್ಲ.

ಕಸ್ತೂರಿ ಹುಟ್ಟಿದ ಊರಿನಲ್ಲಿ ಅವಳ ಅವ್ವ ಎತ್ತರದಿಂದ ಸುರಿದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದವಳು. ಹಿಂದೆ ಸರಿಯುವ ಕೈಯನ್ನು ಗುರುತಿಸಲು ಆ ಮನೆಯ ಮಗಳಿಗೆ ಯಾವ ಪದವಿಯೂ ಬೇಕಿರಲಿಲ್ಲ. ರೋಗವೋ ಕುಲವೋ, ಎರಡಕ್ಕೂ ನಮ್ಮಲ್ಲಿ ಕೈ ಒಂದೇ ರೀತಿ ಸರಿಯುತ್ತದೆ. ಇಲ್ಲಿ ಎರಡು ಗ್ಲೌಸ್ ಇದ್ದವು, ಪ್ಲಾಸ್ಟಿಕ್ ಹಾಳೆ ಇತ್ತು. ಅಂದರೆ ಕಡತದ ಮೇಲೆ ಕೆಂಪು ಚುಕ್ಕೆ ಅಂಟಿಸಿಕೊಂಡು ಬಂದವಳು. ರಕ್ತದಲ್ಲಿ ಆ ರೋಗ, ಎಚ್‌ಐವಿ, ಇದ್ದವಳು. ಔಷಧಿ ಬಂದು ಎಷ್ಟೋ ಕಾಲವಾಗಿತ್ತು. ಹೆದರಿಕೆಗೆ ಇನ್ನೂ ಔಷಧಿ ಬಂದಿರಲಿಲ್ಲ. ಗೌರವದಿಂದ ಬಿಟ್ಟ ಹೆರಿಗೆಯಲ್ಲ ಅದು. ಮುಟ್ಟಲು ಹೇಸಿದ ಹೆರಿಗೆ. ಅದನ್ನೇ ಇವರು ಗಂಧ ಹಚ್ಚಿ ಗದ್ದುಗೆಯ ಮೇಲೆ ಇಟ್ಟಿದ್ದರು.

ಕಸ್ತೂರಿ ಅಂಗಿ ಬಿಚ್ಚಿ ಬಟ್ಟೆ ಉಟ್ಟುಕೊಂಡು ಮನೆಗೆ ಹೋದಳು. ಅಂಗಿ ಮೈಯೊಳಗೆ ಜೊತೆಗೇ ಬಂತು.

ಮನೆಯಲ್ಲಿ ಮಗಳು ಇಂಚರಾ ಮಧ್ಯಾಹ್ನದ ಹೊತ್ತು ಅವ್ವನ ಮಗ್ಗುಲಲ್ಲಿ ಮಲಗುವುದು ರೂಢಿ. ಗಂಡ ಬಸ್ಸಿನ ಕೆಲಸದ ಮೇಲೆ ಹೋದವನು ವಾರಕ್ಕೊಮ್ಮೆ ಬರುತ್ತಿದ್ದ; ಮನೆಯಲ್ಲಿ ಇರುತ್ತಿದ್ದವರು ಅತ್ತೆ ದುರ್ಗವ್ವ, ಸೊಸೆ, ಮೊಮ್ಮಗಳು. ಒಂದು ದಿನ ಮಗು ಚೀರಿಕೊಂಡು ಎದ್ದಿತು. ನಿದ್ದೆಯಲ್ಲಿ ಕಸ್ತೂರಿಯ ಬಲಗೈ ಚಾಚಿ ಮಗುವಿನ ಮಣಿಕಟ್ಟನ್ನು ಹಿಡಿದಿತ್ತು. ಬಿಡಿಸಲು ದುರ್ಗವ್ವ ಬೆರಳುಗಳನ್ನು ಒಂದೊಂದಾಗಿ ಎತ್ತಬೇಕಾಯಿತು. ಮಗುವಿನ ಕೈ ನೀಲಿಗಟ್ಟಿತ್ತು. ಮತ್ತೆರಡು ಸಲ ಹಾಗೇ ಆದ ಮೇಲೆ ಇಂಚರಾ ಅಜ್ಜಿಯ ಕೌದಿಗೆ ಹೋದಳು. ಕರೆದರೆ ಬರುತ್ತಿದ್ದಳು, ಬಂದು, ಕೈಗೆ ಸಿಗದಷ್ಟು ದೂರ ಕೂರುತ್ತಿದ್ದಳು.

ದುರ್ಗವ್ವನಿಗೆ ಅನುಮಾನವೇ ಇರಲಿಲ್ಲ. ಹಡೆಯುವಾಗ ಸತ್ತ ಹೆಂಗಸಿನ ಗಾಳಿ ಹಿಂಗೇ ಮಾಡುತ್ತದೆ, ತನಗೆ ಯಾರೂ ಬರಲಿಲ್ಲವೆಂದು ಸಿಕ್ಕವರ ಕೈ ಹಿಡಿದೆಳೆಯುತ್ತದೆ ಎಂದು ಅವಳು ನಿವಾಳಿಸಿ ಮೆಣಸಿನಕಾಯಿ ಸುಟ್ಟಳು.

"ಯಾರದಾರ ಮೈಲಿಗಿ ಅರಿವಿ ಹಾಕ್ಕೊಂಡೀಯೇನ ಯವ್ವಾ?" ಎಂದು ಕೇಳಿದಳು.

ಕಸ್ತೂರಿಗೆ ನಗು ಬರಲಿಲ್ಲ. ಅತ್ತೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಹಾಕ್ಕೊಂಡೀನಿ ಅತ್ತಿ. ಮೈಲಿಗಿ ಆಕಿದಲ್ಲ," ಎಂದಳು.

ಇದಕ್ಕಿಂತ ಕೆಟ್ಟದ್ದು ವಾರ್ಡಿನಲ್ಲಿ ಕಾದಿತ್ತು. ಏಳನೇ ಅಂಗಿ ಮುಗಿಸಿದವರು ಜಿಲ್ಲಾಸ್ಪತ್ರೆಯಲ್ಲಿ ನಿಜವಾದ ಹೆರಿಗೆಗಳನ್ನು ನೋಡಿಕೊಳ್ಳಬೇಕು. ಕಬ್ಬು ಕಡಿಯುವವರ ಗುಂಪಿನಿಂದ ಬಂದ ಒಬ್ಬ ಹುಡುಗಿ, ಚೊಚ್ಚಲು, ಜೊತೆಗೆ ಹೆಂಗಸರು ಯಾರೂ ಇರಲಿಲ್ಲ. ನೋವು ಏರಿದಾಗ ಅಕ್ಕಾರ ಎಂದು ಕಸ್ತೂರಿಯತ್ತ ಕೈ ಚಾಚಿದಳು. ಕಸ್ತೂರಿ ಒಳ್ಳೆಯ ಮಾತನ್ನೇ ಆಡಿದಳು. ಉಸಿರು ಹೇಗೆ ಬಿಡಬೇಕೆಂದು ಹೇಳಿದಳು, ಹೆದರಬೇಡ ಎಂದಳು, ಮಗುವಿನ ಎದೆಬಡಿತ ಸರಿಯಾಗಿದೆ ಎಂದಳು. ಹುಡುಗಿಯ ಕೈ ಗಾಳಿಯಲ್ಲೇ ಇತ್ತು. ಹುಡುಗಿ ಅವಳ ಮುಖ ನೋಡಿದಳು, ಆಮೇಲೆ ಅವಳ ಭುಜ, ಆಮೇಲೆ ಇಲ್ಲದ ಕೈಗಳು. ಕಸ್ತೂರಿಗೆ ಆಗ ಗೊತ್ತಾಯಿತು: ಅಂಗಿಯ ಮಂಚದ ಸುತ್ತ ನಿಂತು ರೂಢಿಯಾದಂತೆ, ತನ್ನ ಎರಡೂ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡು ನಿಂತಿದ್ದವು. ಬಿಡಿಸಲು ಹೋದಳು. ಬಿಡಲಿಲ್ಲ.

ಹುಡುಗಿ ಕೈ ಇಳಿಸಿ ಗೋಡೆಗೆ ತಿರುಗಿದಳು. ಹೆತ್ತಳು, ಚೆನ್ನಾಗಿಯೇ ಹೆತ್ತಳು. ಪಕ್ಕದ ಮಂಚದ ಬಳಿ ಹಿಂದಿನ ವರ್ಷ ಪಾಸಾದವಳು ನಿಂತಿದ್ದಳು. ಅದರಾಚೆ ಇನ್ನೊಬ್ಬಳು. ಹೊಡೆತ ಇರಲಿಲ್ಲ, ಬೈಗುಳ ಇರಲಿಲ್ಲ. ಮಂಚಮಂಚದ ಪಕ್ಕ ಶುಭ್ರ ಬಟ್ಟೆಯ ಮಿಡ್‌ವೈಫ್‌ಗಳು ಮೆಲುದನಿಯಲ್ಲಿ ಮಾತಾಡುತ್ತ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಇಡೀ ವಾರ್ಡಿನಲ್ಲಿ ಗಾಳಿಗೆ ಚಾಚಿದ ಕೈಗಳು ಎದ್ದು ಬೀಳುತ್ತಿದ್ದವು.

ಮರುದಿನ ಕಸ್ತೂರಿ ಗಾಜಿನ ಕೋಣೆಗೆ ಹೋಗಿ ಮೌಲಾಲಿಯನ್ನು ಹಿಡಿದಳು. ಆ ಖಾಲಿ ಜಾಗದಲ್ಲಿ ಏನು ಒರೆಸಿದ್ದೀಯ ಎಂದು ಕೇಳಿದಳು. ಅವಳಿಗೆ ಇನ್ನೂ ಸಣ್ಣ ಆಸೆ ಇತ್ತು. ಅಲ್ಲಿ ಯಾರೋ ಇದ್ದು, ಹೊಡೆದು, ಬೈದು, ಆಮೇಲೆ ಒರೆಸಿಹೋಗಿರಲಿ ಎಂಬ ಆಸೆ. ಹೊಡೆತವನ್ನು ಆಸೆಪಡುವ ಗತಿ ಬಂತಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ಮೌಲಾಲಿ ಪರದೆಯ ಮೇಲೆ ಎಳೆಗಳನ್ನು ಬಿಡಿಸಿ ತೋರಿಸಿದ. ಒಂದು ಎಳೆ ಹೆತ್ತವಳ ಮೈ ಮಾಡಿದ್ದು: ಏರು, ಇಳಿತ, ಬಲಗೈ ಎದ್ದದ್ದು. ಇನ್ನೊಂದು ಎಳೆ ಹೊರಗಿನಿಂದ ತಾಗಿದ್ದು. ಅದು ನೆಲದಂತೆ ಚಪ್ಪಟೆಯಾಗಿ ಉದ್ದಕ್ಕೂ ಬಿದ್ದಿತ್ತು.

"ಒರೆಸಿದ್ರ ಅರಿವಿ ಮ್ಯಾಲೆ ಕಲಿ ಉಳಿತೈತಿ ಅಕ್ಕ. ಇದಕ ಕಲಿ ಇಲ್ಲ," ಎಂದ. "ಇಲ್ಲಿ ಒರೆಸಾಕ ಏನೂ ಇರಲೇ ಇಲ್ಲ."

ಹಾಗಾದರೆ ಈಗ ಯಾರಾದರೂ ಆ ಹೊತ್ತಿನಲ್ಲಿ ತೊಟ್ಟವಳ ಕೈ ಹಿಡಿದರೆ ಏನಾಗುತ್ತದೆ ಎಂದು ಕೇಳಿದಳು. ಆ ಚಪ್ಪಟೆ ಎಳೆಯ ಮೇಲೆ ಹಿಡಿದ ಕೈ ಕೂರುತ್ತದೆ, ಆಮೇಲೆ ತೊಟ್ಟವರಿಗೆಲ್ಲ ಯಾರೋ ಕೈ ಹಿಡಿದಂತೆಯೇ ಇರುತ್ತದೆ ಎಂದ ಮೌಲಾಲಿ. ಆದರೆ ಹೊತ್ತು ಮೀರುತ್ತಿತ್ತು. ಬೆಂಗಳೂರಿನಿಂದ ಇಲಾಖೆಯ ನಿರ್ದೇಶಕರು ಬರುವವರಿದ್ದರು. ಅವರೆದುರು ಏಳನೇ ಅಂಗಿಯ ಪ್ರಾತ್ಯಕ್ಷಿಕೆ ನಡೆದು, ಒಪ್ಪಿಗೆ ಸಿಕ್ಕ ಕೂಡಲೇ ರಾಜ್ಯದ ಎಲ್ಲ ಕಾಲೇಜುಗಳಿಗೆ ಅದರ ನಕಲು ನೇಯಲು ಹೊಸ ಯಂತ್ರವೊಂದು ಆಗಲೇ ಬಂದು ಕೂತಿತ್ತು. ನಕಲಾದ ಮೇಲೆ ಯಾವ ಅಂಗಿಯೂ ಹೊಸದಾಗಿ ಏನನ್ನೂ ಬರೆದುಕೊಳ್ಳುವುದಿಲ್ಲ.

ಕಸ್ತೂರಿ ಎರಡು ದಾರಿಯ ನಡುವೆ ಸಿಕ್ಕಿದಳು. ಕೈ ಹಿಡಿದರೆ ಮುಂದೆ ತೊಡುವ ಸಾವಿರ ಹುಡುಗಿಯರು ಹಿಡಿಯುವುದನ್ನು ಕಲಿಯುತ್ತಾರೆ. ಆದರೆ ಆ ಹೆತ್ತವಳನ್ನು ಒಂದು ಕೋಣೆಯಲ್ಲಿ ಒಂಟಿಯಾಗಿ ಬಿಟ್ಟಿದ್ದರು ಎನ್ನುವುದಕ್ಕೆ ಈ ಲೋಕದಲ್ಲಿ ಇದ್ದ ಒಂದೇ ಒಂದು ಸಾಕ್ಷಿ ಆ ಚಪ್ಪಟೆ ಎಳೆ. ತನ್ನ ಕೈಯಿಂದಲೇ ಅದನ್ನು ಮುಚ್ಚಿದಂತಾಗುತ್ತದೆ. ಮಾಡಿದವರು ಕೈ ತೊಳೆದುಕೊಳ್ಳಲು ಇವಳೇ ನೀರು ಹಾಕಿದಂತಾಗುತ್ತದೆ.

ದೇಸಾಯಿ ಮೇಡಂ ಬಳಿ ಹೋದಳು. ಮೇಡಂ ಕೆಟ್ಟವರಲ್ಲ. ಇಡೀ ಜಿಲ್ಲೆಯ ಹೆರಿಗೆ ಕೋಣೆಗಳ ಬಾಗಿಲಲ್ಲಿ ನಿಂತು, ಹೊಡೆಯುವ ನರ್ಸುಗಳ ಕೈ ಹಿಡಿದು ನಿಲ್ಲಿಸಿದ ಹೆಂಗಸು. ಅದಕ್ಕಾಗಿ ಬೈಸಿಕೊಂಡವರು, ವರ್ಗ ಮಾಡಿಸಿಕೊಂಡವರು. ಕಸ್ತೂರಿ ಗ್ಲೌಸಿನ ಬಗ್ಗೆ, ಬಾಗಿಲಿನ ದನಿಗಳ ಬಗ್ಗೆ ಹೇಳುವಾಗ ಅವರು ಕಿಟಕಿಯಾಚೆ ನೋಡುತ್ತ ಕೇಳಿದರು.

"ನನಗ ಗೊತ್ತದ ಕಸ್ತೂರಿ," ಎಂದರು. "ಮೊದಲನೇ ಸಲ ಹಾಕ್ಕೊಂಡಾಗನ ಗೊತ್ತಾತು."

ಮೇಡಂ ಮೆಲ್ಲಗೆ ಹೇಳುತ್ತ ಹೋದರು. ಹೊಡೆತದ ಅಂಗಿಗಳನ್ನು ತೊಡಿಸಿ ನೋಡಿದ್ದರಂತೆ. ಹೊಡೆಸಿಕೊಂಡ ಹುಡುಗಿಯರು ವಾರ್ಡಿಗೆ ಹೋಗಿ ಇನ್ನೂ ಜೋರಾಗಿ ಹೊಡೆದರಂತೆ. ಅತ್ತೆಯ ಕೈಲಿ ತಿಂದ ಸೊಸೆ ತಾನು ಅತ್ತೆಯಾದಾಗ ಮಾಡುವ ಹಾಗೆ. ಏಳನೆಯದು ಮಾತ್ರ ಕೈಗಳನ್ನು ನಿಲ್ಲಿಸಿತು. ಈಗ ನಿಜ ಹೇಳಿದರೆ ಇಲಾಖೆಯವರು ಹೆಸರು ಕೆಡುತ್ತದೆಂದು ಅಂಗಿಯನ್ನೇ ಸುಡುತ್ತಾರೆ. ಅಲ್ಲಿಗೆ ಎಲ್ಲ ಮುಗಿಯಿತು, ಮತ್ತೆ ತೊಡೆಗೆ ಏಟು.

"ಈ ಜಿಲ್ಲಾದಾಗ ಹೊಡಿಯೂದು ನಿಂತದ. ಇದು ಸಣ್ಣ ಮಾತಲ್ಲ."

"ನಿಂತೈತ್ರಿ ಮೇಡಂ," ಎಂದಳು ಕಸ್ತೂರಿ. "ಹೊಡಿಯೂ ಕೈ ನಿಂತ್ವು. ಹಿಡಿಯೂ ಕೈನೂ ನಿಂತ್ವು. ನನ್ನ ಮಗಳು ನನ್ನ ಮಗ್ಗಲದಾಗ ಮಲಗಂಗಿಲ್ಲ. ವಾರ್ಡಿನ್ಯಾಗ ಒಂದು ಹುಡುಗಿ ಕೈ ಮಾಡಿದ್ರ ನನ್ನ ಕೈ ಬರಲಿಲ್ರಿ."

ಪ್ರಾತ್ಯಕ್ಷಿಕೆಯ ದಿನವೇ ನಿನ್ನ ಕೊನೆಯ ಪರೀಕ್ಷೆ, ಮಂಚದ ಪಕ್ಕ ನಿಲ್ಲುವವಳು ನೀನೇ, ನಿಯಮ ನೆನಪಿರಲಿ ಎಂದಷ್ಟೇ ಹೇಳಿ ಮೇಡಂ ಎದ್ದರು. ಕಸ್ತೂರಿ ಬಾಗಿಲು ದಾಟುವಾಗ ತಿರುಗಿ ನೋಡಿದಳು. ಮೇಡಂ ತಮ್ಮ ಸ್ವಂತ ಕೋಣೆಯಲ್ಲಿ, ಯಾರೂ ಇಲ್ಲದಿದ್ದರೂ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು.

ನಿರ್ದೇಶಕರು ಹೂಮಾಲೆ ಹಾಕಿಸಿಕೊಂಡು ಬಂದರು. ಒಳ್ಳೆಯ ಮನುಷ್ಯ, ಡಾಕ್ಟರು, ಸಮಯಕ್ಕೆ ಸರಿಯಾಗಿ ಬರುವವರು. ಅಂಗಿ ತೊಡಲು ತಬಸ್ಸುಮ್ ತಾನಾಗಿ ಮುಂದೆ ಬಂದಿದ್ದಳು; ಅವಳದಿನ್ನೂ ಬಾಕಿ ಇತ್ತು. ಮಲಗುವ ಮುನ್ನ ಕಸ್ತೂರಿಯ ಕಿವಿಯಲ್ಲಿ, ಅಕ್ಕ ನಾ ಅತ್ತರ ನೋಡಬ್ಯಾಡ ಎಂದಳು. ಕಸ್ತೂರಿ ಹೂಂ ಎಂದಳು. ಇನ್ನೂ ಏನೂ ತೀರ್ಮಾನಿಸಿರಲಿಲ್ಲ. ಪದವಿ, ತಾಲೂಕಿನ ಹೆರಿಗೆ ಮನೆ, ಓಣಿಯವರ ಮುಖ, ಎಲ್ಲ ಕಣ್ಣ ಮುಂದೆ ಬಂದು ಹೋಗುತ್ತಿದ್ದವು.

ಅಂಗಿ ಎದ್ದಿತು. ತಣ್ಣನೆಯ ಹಾಳೆಗೆ ತಬಸ್ಸುಮಳ ಬೆನ್ನು ಸೆಟೆಯಿತು. ಮೇಡಂ ಗೌರವದ ಹೆರಿಗೆಯ ಬಗ್ಗೆ ತಾವು ಯಾವಾಗಲೂ ಹೇಳುವುದನ್ನು ಹೇಳಿದರು, ಆದರೆ ದನಿ ಓದುವವರ ದನಿಯಂತಿತ್ತು. ನಿರ್ದೇಶಕರು ತಲೆಯಾಡಿಸುತ್ತ, ಇತರರನ್ನು ನೋಡಿ ತಾವೂ ಕೈಗಳನ್ನು ಹಿಂದೆ ಕಟ್ಟಿಕೊಂಡರು.

ಖಾಲಿ ಜಾಗ ಬಂತು. ತಬಸ್ಸುಮಳ ಬಲಗೈ ಕಂಬಿ ಬಿಟ್ಟಿತು.

ಕಸ್ತೂರಿ ಆ ಕೈಯನ್ನು ಮೊದಲ ಸಲ ಹೊರಗಿನಿಂದ ನೋಡಿದಳು. ತಬಸ್ಸುಮಳ ಬೆರಳುಗಳು ಉದ್ದ, ಮದರಂಗಿ ಮಾಸಿದ ಉಗುರು. ಆದರೆ ತೆರೆದು ಮುಚ್ಚುವ ರೀತಿ ಅವಳದಲ್ಲ. ಗಿಡ್ಡ ಬೆರಳುಗಳ, ಕೆಲಸ ಮಾಡಿ ದಪ್ಪಗಾದ ಕೈಯೊಂದು ಈ ಎಳೆಯ ಕೈಯೊಳಗೆ ಹೊಕ್ಕು ಹುಡುಕುತ್ತಿತ್ತು. ಬಿತ್ತು. ಎದ್ದಿತು. ಸಾಕ್ಷಿ ಉಳಿಯಬೇಕು, ಉಳಿಯಲೇಬೇಕು ಎಂದು ಕಸ್ತೂರಿ ಹಲ್ಲು ಕಚ್ಚಿದಳು. ತಬಸ್ಸುಮ್ ಕಣ್ಣು ತೆರೆದು ಅವಳನ್ನೇ ನೋಡಿದಳು.

ಇವಳನ್ನು ಈಗ ಒಂಟಿ ಬಿಟ್ಟು ಅವಳ ಸಾಕ್ಷಿ ಉಳಿಸುವುದು ಎಂಥ ನ್ಯಾಯ?

ಬೆನ್ನ ಹಿಂದೆ ಒಂದು ಕೈ ಇನ್ನೊಂದನ್ನು ಬಿಡಲಿಲ್ಲ. ಕಸ್ತೂರಿ ಭುಜದಿಂದ ಎಳೆದಳು. ಉಗುರು ನಾಟಿ ಚರ್ಮ ಹರಿಯಿತು. ಬಲಗೈ ಕಿತ್ತುಕೊಂಡು ಮುಂದೆ ಬಂತು, ಬಂದು, ಗಾಳಿಯಲ್ಲಿದ್ದ ಆ ಕೈಯನ್ನು ಗಟ್ಟಿಯಾಗಿ ಹಿಡಿಯಿತು.

ಗಾಜಿನಾಚೆ ಕೆಂಪು ದೀಪ ಹತ್ತಿತು. ಅಂಗಿ ಬರೆದುಕೊಳ್ಳುತ್ತಿತ್ತು.

"ಬಿಡು ಕಸ್ತೂರಿ," ಎಂದರು ಮೇಡಂ, ಪಿಸುದನಿಯಲ್ಲಿ. "ನಪಾಸು ಮಾಡಬೇಕಾಗ್ತದ."

"ಮಾಡ್ರಿ."

ತಬಸ್ಸುಮಳ ಮುಖ ಸಡಿಲವಾಯಿತು, ಉಸಿರು ಇಳಿಯಿತು. ಆದರೆ ಹಿಡಿದ ಕೈಯೊಳಗೆ ಬೆರಳುಗಳು ನಿಂತಿರಲಿಲ್ಲ. ಅಂಗೈಗೆ ಅಂಗೈ ಒತ್ತಿ ಹಿಡಿದಿದ್ದರೂ ಅವು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಸಿಕ್ಕ ಕೈಯ ಮೇಲೇ ಸರಿದಾಡುತ್ತ ಇಲ್ಲದ ಕೈಯನ್ನು ಹುಡುಕುತ್ತಿದ್ದವು. ಹಿಡಿತ ತಬಸ್ಸುಮಳಿಗೆ ಮುಟ್ಟಿತ್ತು. ಅಂದು ಹೆತ್ತವಳಿಗೆ ಮುಟ್ಟಿರಲಿಲ್ಲ. ಸಾಕ್ಷಿ ಮುಚ್ಚಿಹೋಗುತ್ತದೆಂದು ಕಸ್ತೂರಿ ಹೆದರಿದ್ದಳು. ಯಾವ ಕೈಯೂ ಮುಚ್ಚಲಾಗದ್ದು ಅದು.

ನಿರ್ದೇಶಕರು ಬಗ್ಗಿ ನೋಡಿದರು. ಡಾಕ್ಟರ ಕಣ್ಣಿನಿಂದ ಅದು ತಪ್ಪಿಸಿಕೊಳ್ಳಲಿಲ್ಲ.

"ಹಿಡ್ಕೊಂಡಿದೀರಲ್ಲಮ್ಮ, ಮತ್ತೆ ಇನ್ನೂ ಏನು ಹುಡುಕ್ತಿದಾಳೆ?"

"ನಾ ಹಿಡಿದದ್ದು ಈಗ್ರಿ ಸರ್. ಆವತ್ತ ಯಾರೂ ಹಿಡಿಲಿಲ್ಲ."

"ಯಾಕೆ?"

ಆ ಕಟ್ಟಡದಲ್ಲಿ ಅಷ್ಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆ. ಕಸ್ತೂರಿ ಮೇಡಂ ಕಡೆ ನೋಡಿದಳು. ಕೋಣೆಯಲ್ಲಿ ಫ್ಯಾನಿನ ಕಿರುಗುಟ್ಟುವಿಕೆ ಬಿಟ್ಟರೆ ಸದ್ದಿರಲಿಲ್ಲ, ಆ ಫ್ಯಾನೂ ಅಲ್ಲಿಯದಲ್ಲ, ಅಂಗಿಯೊಳಗಿನದು.

"ಆಕಿಗೆ ರೋಗ ಇತ್ತು ಸರ್," ಎಂದರು ದೇಸಾಯಿ ಮೇಡಂ. "ಮುಟ್ಟಲಿಕ್ಕೆ ಹೇಸಿ ಎಲ್ಲಾರೂ ಬಾಗಲದಾಗ ನಿಂತ್ರು. ಅದನ್ನ ನಾ ಗೌರವ ಅಂತ ಕಲಿಸಿದೆ. ಗೊತ್ತಿದ್ದೇ ಕಲಿಸಿದೆ."

ಹೇಳುತ್ತ ಅವರು ಮಂಚದ ಕಡೆ ಒಂದು ಹೆಜ್ಜೆ ಇಟ್ಟರು. ಭುಜಗಳು ಅದುರಿದವು, ಕುತ್ತಿಗೆಯ ನರ ಉಬ್ಬಿತು. ಕೈಗಳು ಬೆನ್ನ ಹಿಂದೆಯೇ ಇದ್ದವು. ಅವರು ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದಾರೆ, ಆಗುತ್ತಿಲ್ಲ ಎಂದು ಕಸ್ತೂರಿಗೆ ಕಂಡಿತು. ಅವರು ಆ ಅಂಗಿಯನ್ನು ಎಷ್ಟು ಸಲ ತೊಟ್ಟಿದ್ದರೋ, ಎಷ್ಟು ಸಲ ಅದರ ಪಕ್ಕ ನಿಂತಿದ್ದರೋ.

ನಿರ್ದೇಶಕರು ಸೆಟೆದು ನಿಂತರು. ನಕಲಿನ ಯಂತ್ರದ ಕಡೆ ನೋಡಿದರು, ನೆಲ ನೋಡಿದರು. ಸುಡಿ ಎಂದು ಹೇಳಲು ಬಾಯಿ ತೆರೆದರೋ ಏನೋ; ಅಷ್ಟರಲ್ಲಿ ತಬಸ್ಸುಮಳ ಎಡಗೈ ಅವರ ಕೋಟಿನ ಅಂಚನ್ನು ಹಿಡಿದಿತ್ತು. ಅದು ಅಂಗಿಯ ಕೆಲಸವಲ್ಲ. ಅದು ತಬಸ್ಸುಮಳದೇ. ನಿರ್ದೇಶಕರು ಕೋಟು ಬಿಡಿಸಿಕೊಳ್ಳಲಿಲ್ಲ.

ಗಾಜಿನಾಚೆಯಿಂದ ಮೌಲಾಲಿಯ ದನಿ ಬಂತು. ಈ ಹಿಡಿದದ್ದನ್ನು ಅಳಿಸಲೋ ಇಡಲೋ ಎಂದು ಅವನು ಕೇಳಿದ್ದು ಯಾರನ್ನು ಎಂದು ಅವನಿಗೂ ಗೊತ್ತಿರಲಿಲ್ಲ.

"ಇರಲಿ," ಎಂದಳು ಕಸ್ತೂರಿ. "ಹಿಡಿದದ್ದೂ ಇರಲಿ, ಹುಡುಕೂದೂ ಇರಲಿ. ಏನೂ ಒರೆಸಬ್ಯಾಡ."

ಕೂಸು ಬರುವ ಹೊತ್ತಾಯಿತು. ಎರಡು ಗ್ಲೌಸಿನ ಆ ತಣ್ಣನೆಯ ಕೈ ಬಂದು ಹೋಯಿತು. ತಬಸ್ಸುಮಳ ಮೈ ಅದಕ್ಕೆ ಮುದುಡಿತು. ಅಳು ಎದ್ದು ದೂರವಾಯಿತು. ಕಸ್ತೂರಿ ಬಿಡಲಿಲ್ಲ. ಅವಳ ಮುಷ್ಟಿಯೊಳಗೆ ಆ ಬೆರಳುಗಳು ಇನ್ನೂ ತಡಕುತ್ತಲೇ ಇದ್ದವು, ಮೊದಲಿಗಿಂತ ಮೆಲ್ಲಗೆ, ದಣಿದವರ ಹಾಗೆ. ಕತ್ತರಿಯ ಸದ್ದು ಬಂತು. ಆಮೇಲೆ, ಕೈಯೊಳಗಿಂದ ಯಾರೋ ಎದ್ದು ಹೋದಂತೆ, ಅವು ನಿಂತವು.

ಉಳಿದದ್ದು ತಬಸ್ಸುಮಳ ಕೈ, ಬೆಚ್ಚಗೆ, ಬೆವರಿ. ಅದನ್ನು ಹಿಡಿದುಕೊಂಡೇ ಕಸ್ತೂರಿ ಮಂಚದ ಪಕ್ಕ ಕುಸಿದು ಕೂತಳು. ಆ ಹೆತ್ತವಳ ಹೆಸರನ್ನಾದರೂ ಕೇಳಬೇಕಿತ್ತು ಎನ್ನಿಸಿತು. ಕೇಳಲು ಅಲ್ಲಿ ಯಾರೂ ಇರಲಿಲ್ಲ.